ಕೋಡ್ ಪರದೆಗೆ ಡಿಕಾಕ್ಷನ್ ಬಣ್ಣ

ಕೋಡ್ ಎಡಿಟರ್‌ಗೆ ಬೆಚ್ಚನೆಯ ಬಣ್ಣ ಬಳಿಯುವುದು ಹತ್ತು ನಿಮಿಷದ ಕೆಲಸ. ಬಳಿದ ಮೇಲೂ ಅಕ್ಷರ ಸಲೀಸಾಗಿ ಓದುವಂತಿರಬೇಕಲ್ಲ, ಕಷ್ಟವಿರುವುದು ಅಲ್ಲಿ. ಇಲ್ಲಿರುವುದು ವಿಎಸ್ ಕೋಡ್ ಎಂಬ ಎಡಿಟರ್‌ಗೆ ಹೊಂದುವ ವಿಧಾನ.

ಮೊದಲು ಲ್ಯಾಪ್‌ಟಾಪಿನ ನೈಟ್ ಲೈಟ್ ಆಫ್ ಮಾಡಿ. ಅದು ಆನ್ ಇದ್ದಾಗ ಪರದೆ ಮೊದಲೇ ಹಳದಿಗೆ ತಿರುಗಿರುತ್ತದೆ. ಆಗ ಆರಿಸಿದ ಬಣ್ಣ ಹಗಲಲ್ಲಿ ಬೇರೆಯೇ ಕಾಣುತ್ತದೆ.

ಹಿನ್ನೆಲೆಗೆ ಗಟ್ಟಿ ಡಿಕಾಕ್ಷನ್ ಬಣ್ಣ ಇರಲಿ: 0ರಿಂದ 255ರವರೆಗಿನ ಅಳತೆಯಲ್ಲಿ ಕೆಂಪು 40, ಹಸಿರು 32, ನೀಲಿ 26. ಅಕ್ಷರಕ್ಕೆ ಕೆನೆ ಬಣ್ಣ: 232, 218, 190. ಇವೆರಡರ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅನುಪಾತ, ಸುಮಾರು 11.6:1. ವೆಬ್ ಪುಟಗಳಿಗೆಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಕೇಳುತ್ತದೆ, ಎಡಿಟರ್‌ಗೂ ಅದೇ ಅಳತೆ ಸಾಕು. ಅಚ್ಚ ಕಪ್ಪಿನ ಮೇಲೆ ಅಚ್ಚ ಬಿಳಿ ಇಟ್ಟರೆ 21:1 ಸಿಗುತ್ತದೆ, ನಿಜ. ಆದರೆ ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷ ಇರುವ ಅನೇಕರಿಗೆ ಆ ಬಿಳಿ ಅಕ್ಷರದ ಅಂಚು ಹರಡಿದಂತೆ ಕಾಣುತ್ತದೆ.

ಕೀವರ್ಡ್‌ಗೆ, ಅಂದರೆ ಭಾಷೆಯೇ ಕಾಯ್ದಿರಿಸಿದ ಪದಗಳಿಗೆ, ಕಿತ್ತಳೆ (232, 148, 80). ಸ್ಟ್ರಿಂಗ್‌ಗೆ, ಅಂದರೆ ಉದ್ಧರಣ ಚಿಹ್ನೆಯೊಳಗಿನ ಪಠ್ಯಕ್ಕೆ, ತಿಳಿ ನೀಲಿ (140, 185, 200). ಬೆಚ್ಚನೆಯ ಥೀಮಿನಲ್ಲಿ ನೀಲಿಗೇನು ಕೆಲಸ ಎನ್ನಬೇಡಿ. ಕೆಂಪು-ಹಸಿರು ವ್ಯತ್ಯಾಸ ಗುರುತಿಸಲಾಗದವರಿಗೂ ಕಿತ್ತಳೆ-ನೀಲಿ ಬೇರೆಬೇರೆಯಾಗಿ ಕಾಣುತ್ತವೆ. ಕೋಡಿನ ಹಳೆಯ, ಹೊಸ ರೂಪಗಳನ್ನು ಹೋಲಿಸಿ ತೋರಿಸುವ ಡಿಫ್‌ನಲ್ಲೂ ಇದೇ ಜೋಡಿ: ಸೇರಿಸಿದ ಸಾಲಿಗೆ ನೀಲಿ, ತೆಗೆದದ್ದಕ್ಕೆ ಕಿತ್ತಳೆ.

ಹೆಚ್ಚಿನವರು ಎಡವುವುದು ಕಾಮೆಂಟಿನಲ್ಲಿ, ಅಂದರೆ ಕೋಡಿನ ನಡುವೆ ಓದುವವರಿಗೆಂದು ಬರೆದ ಟಿಪ್ಪಣಿಯಲ್ಲಿ. ಹಿಂದೆ ಸರಿದಂತಿರಲಿ ಎಂದು 110, 95, 80 ಕೊಟ್ಟರೆ ಕಾಂಟ್ರಾಸ್ಟ್ 2.6ಕ್ಕೆ ಕುಸಿಯುತ್ತದೆ. 175, 155, 130 ಕೊಡಿ, 6ರ ಹತ್ತಿರ ಬರುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ: ಸಾಲನ್ನು ಸೆಲೆಕ್ಟ್ ಮಾಡಿದಾಗ ಹಿನ್ನೆಲೆಯೇ ಬದಲಾಗುತ್ತದೆ. ಸೆಲೆಕ್ಷನ್ 75, 60, 45 ಇದ್ದರೆ ಅದೇ ಕಾಮೆಂಟ್ 4ಕ್ಕಿಂತ ಕೆಳಗಿಳಿಯುತ್ತದೆ. 58, 46, 36 ಇಟ್ಟರೆ 4.9 ಉಳಿಯುತ್ತದೆ.

ಈಗ ಕಂಟ್ರೋಲ್, ಶಿಫ್ಟ್, ಪಿ ಒಟ್ಟಿಗೆ ಒತ್ತಿದರೆ ಆಜ್ಞೆಗಳ ಪಟ್ಟಿ ಬರುತ್ತದೆ, ಅಲ್ಲಿಂದ ಯೂಸರ್ ಸೆಟ್ಟಿಂಗ್ಸ್‌ನ ಜೇಸನ್ ಫೈಲ್ ತೆರೆಯಿರಿ. ಹಿನ್ನೆಲೆ, ಸೆಲೆಕ್ಷನ್ ಬಣ್ಣಗಳು ‘ವರ್ಕ್‌ಬೆಂಚ್ ಕಲರ್ ಕಸ್ಟಮೈಸೇಷನ್ಸ್’ ಅಡಿಯಲ್ಲಿ. ಕಾಮೆಂಟ್, ಕೀವರ್ಡ್, ಸ್ಟ್ರಿಂಗ್ ‘ಎಡಿಟರ್ ಟೋಕನ್ ಕಲರ್ ಕಸ್ಟಮೈಸೇಷನ್ಸ್’ ಅಡಿಯಲ್ಲಿ. ಬಣ್ಣಗಳನ್ನು ಹೆಕ್ಸ್ ಕೋಡ್‌ಗೆ ಬದಲಿಸಿಯೇ ಬರೆಯಬೇಕು (40, 32, 26 ಎಂದರೆ #28201A). ಯಾವುದೋ ಪದ ಮಾತ್ರ ಹಳೆಯ ಬಣ್ಣದಲ್ಲೇ ಕೂತಿದ್ದರೆ ಅದು ಬಹುಶಃ ಕೋಡಿನ ಅರ್ಥ ನೋಡಿ ಬಣ್ಣ ಹಚ್ಚುವ ಸಿಮ್ಯಾಂಟಿಕ್ ಹೈಲೈಟಿಂಗ್‌ನ ಕಿತಾಪತಿ. ‘ಇನ್‌ಸ್ಪೆಕ್ಟ್ ಎಡಿಟರ್ ಟೋಕನ್ಸ್ ಆ್ಯಂಡ್ ಸ್ಕೋಪ್ಸ್’ ಆಜ್ಞೆ ಕೊಟ್ಟು ಆ ಪದದ ಮೇಲೆ ಕರ್ಸರ್ ಇಟ್ಟರೆ ಬಣ್ಣ ಎಲ್ಲಿಂದ ಬಂತೆಂದು ತಿಳಿಯುತ್ತದೆ.

ಪರೀಕ್ಷೆಗೆ ನಮ್ಮ ಮೆಟ್ರೊದ ನೇರಳೆ ಮಾರ್ಗ ಚೆನ್ನ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಕಿಟಕಿಯ ಬಿಸಿಲು ನೇರ ಪರದೆಗೆ ಬೀಳುತ್ತದೆ, ಕಬ್ಬನ್ ಪಾರ್ಕ್ ಹೊತ್ತಿಗೆ ರೈಲು ನೆಲದಡಿ ಇಳಿದಿರುತ್ತದೆ. ಬಿಸಿಲಿನ ಭಾಗದಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಕಾಮೆಂಟ್ ಓದಲಾಗದಿದ್ದರೆ, ಹಗಲಿಗೆ ಕೆನೆ ಹಿನ್ನೆಲೆ, ಡಿಕಾಕ್ಷನ್ ಅಕ್ಷರದ ಇನ್ನೊಂದು ಥೀಮ್ ಮಾಡಿಕೊಳ್ಳಿ. ಅದಕ್ಕೆ ಕಿತ್ತಳೆ, ನೀಲಿ ಎರಡನ್ನೂ ಸಾಕಷ್ಟು ಗಾಢ ಮಾಡಬೇಕಾಗುತ್ತದೆ.