ಮಹಾಲೆಯ ಚಿಂಪಾಂಜಿಗಳ ಎದುರು ಒಂದು ತಾಸು

ಉದ್ಯೋಗದ ನಿಮಿತ್ತ ತಾಂಜಾನಿಯಾದ ದಾರ್ ಎಸ್ ಸಲಾಮ್‌ಗೆ ಬಂದು ನೆಲೆಸಿ ಆರು ವರ್ಷ ಕಳೆದ ಮೇಲೆ, ಒಂದು ಸೆಪ್ಟೆಂಬರ್ ತಿಂಗಳಲ್ಲಿ, ನಾನೂ ನನ್ನ ಪತ್ನಿಯೂ ಮಹಾಲೆ ಬೆಟ್ಟಗಳಿಗೆ ಹೋಗಿಬಂದೆವು. ಊರಿನಿಂದ ಬರುವ ನೆಂಟರಿಷ್ಟರೆಲ್ಲ ಕೇಳುವುದು ಸೆರೆಂಗೆಟಿಯ ಸಿಂಹ ಮತ್ತು ಕಿಲಿಮಂಜಾರೋದ ಹಿಮವನ್ನು ಮಾತ್ರ. ಮಹಾಲೆ ಇರುವುದು ದೇಶದ ಇನ್ನೊಂದು ತುದಿಯಲ್ಲಿ, ಟಾಂಗಾನಿಕಾ ಸರೋವರದ ಪೂರ್ವ ದಂಡೆಯ ಮೇಲೆ. ಸುಮಾರು 1,613 ಚದರ ಕಿಲೋಮೀಟರ್ ವಿಸ್ತಾರದ ಈ ರಾಷ್ಟ್ರೀಯ ಉದ್ಯಾನ 1985ರಲ್ಲಿ ಘೋಷಣೆಯಾಯಿತು. ನೀರಿನಂಚಿನಿಂದಲೇ ಏರತೊಡಗುವ ಬೆಟ್ಟಸಾಲು 2,462 ಮೀಟರ್ ಎತ್ತರದ ಎನ್‌ಕುಂಗ್ವೆ ಶಿಖರದವರೆಗೆ ಹೋಗುತ್ತದೆ. ಉದ್ಯಾನದೊಳಗೆ ವಾಹನ ಓಡಾಡುವ ರಸ್ತೆಗಳಿಲ್ಲ. ತಲುಪುವುದು ದೋಣಿಯಲ್ಲಿ ಅಥವಾ ಪುಟ್ಟ ವಿಮಾನದಲ್ಲಿ, ಆಮೇಲೆ ಎಲ್ಲವೂ ಕಾಲ್ನಡಿಗೆಯಲ್ಲಿ.

ಚಿಂಪಾಂಜಿ ನೋಡಲು ಇದಕ್ಕಿಂತ ಸುಲಭವಾದ ಜಾಗ ಗೊಂಬೆ ಎಂಬ ಇನ್ನೊಂದು ರಾಷ್ಟ್ರೀಯ ಉದ್ಯಾನ. ಅದು ಇದೇ ಸರೋವರದ ದಂಡೆಯ ಕಿಗೋಮಾ ಪಟ್ಟಣಕ್ಕೆ ಹತ್ತಿರವಿದೆ, ಹೆಸರೂ ದೊಡ್ಡದು. ನಾವು ಮಹಾಲೆಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಅಲ್ಲಿನ ಕಾಡಿನ ವಿಸ್ತಾರ. ಶಿರಸಿಯ ಕಡೆಯ ಅಡಿಕೆ ತೋಟದಲ್ಲಿ ಮಂಗಗಳನ್ನು ಓಡಿಸುತ್ತ ಬೆಳೆದ ನನಗೆ, ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳನ್ನು ಹುಡುಕಿ ನಡೆದ ದಿನಗಳು ಇನ್ನೂ ನೆನಪಿನಲ್ಲಿವೆ. ಕಾಡಿಗೆ ಕಾಡೇ ತಾಗಿಕೊಂಡಿರುವಲ್ಲಿ ಪ್ರಾಣಿಯನ್ನು ನೋಡಬೇಕೆಂಬ ಆಸೆ ಆಗಿನಿಂದಲೂ ಇತ್ತು.

ಹೋಗುವವರು ಕಾಲವನ್ನು ಸರಿಯಾಗಿ ಆರಿಸಿಕೊಳ್ಳಬೇಕು. ನವೆಂಬರಿನಿಂದ ಮೇ ತನಕ ಮಳೆ. ಆಗ ದಾರಿ ಜಾರುತ್ತದೆ, ಚಿಂಪಾಂಜಿಗಳು ಮೇಲಿನ ಇಳಿಜಾರುಗಳಲ್ಲಿ ಚದುರಿಹೋಗುತ್ತವೆ. ಒಣ ತಿಂಗಳುಗಳ ಕೊನೆಯಲ್ಲಿ, ಅಂದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅವು ಕೆಳಗಿನ ಕಾಡಿಗೆ ಇಳಿಯುವುದು ಹೆಚ್ಚು. ಕಿಗೋಮಾಕ್ಕೆ ಕೇಂದ್ರ ರೈಲುಮಾರ್ಗವೂ ಇದೆ. ರಜೆ ಕಡಿಮೆಯಿದ್ದುದರಿಂದ ನಾವು ವಿಮಾನದಲ್ಲಿ ಹೋದೆವು. ಅಲ್ಲಿಂದ ದಕ್ಷಿಣಕ್ಕೆ ಸುಮಾರು 120 ಕಿಲೋಮೀಟರ್ ದೂರವನ್ನು ಮೋಟಾರು ಕಟ್ಟಿದ ಮರದ ದೋಣಿಯಲ್ಲಿ ಕ್ರಮಿಸಲು ನಮಗೆ ಒಂದು ಇಡೀ ಹಗಲು ಹಿಡಿಯಿತು. ಮಧ್ಯಾಹ್ನದ ಗಾಳಿಗೆ ಅಲೆಗಳು ಸಮುದ್ರದಂತೆಯೇ ಏಳುತ್ತವೆಯಾದ್ದರಿಂದ ನಸುಕಿನಲ್ಲಿ ಹೊರಡುವುದು ಕ್ಷೇಮ. ಸಾಮಾನನ್ನೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ಬಿಗಿಯಾಗಿ ಕಟ್ಟಿಕೊಳ್ಳಿ. ದಂಡೆಯ ಹಳ್ಳಿಗಳಲ್ಲಿ ಡಗಾ ಎಂಬ ಸಣ್ಣ ಮೀನನ್ನು ಮರಳಿನ ಮೇಲೆ ಹರವಿ ಒಣಗಿಸುತ್ತಾರೆ. ಅದರ ವಾಸನೆ ಬಂದಾಗಲೆಲ್ಲ ನನ್ನ ಪತ್ನಿ ತನ್ನ ತವರಾದ ಹೊನ್ನಾವರವನ್ನು ನೆನೆಸಿಕೊಳ್ಳುತ್ತಿದ್ದಳು.

ಆ ರಾತ್ರಿ ಬಿಡಾರದಲ್ಲಿ ಅವಳಿಗೆ ಸೀನು ಶುರುವಾಯಿತು. ಬೆಳಗಾಗುವಷ್ಟರಲ್ಲಿ ಮೂಗು ಕಟ್ಟಿ, ಗಂಟಲು ಕೆರೆಯುತ್ತಿತ್ತು. ಸಾಮಾನ್ಯ ನೆಗಡಿ, ಬೇರೆಲ್ಲಾದರೂ ಆಗಿದ್ದರೆ ಕಷಾಯ ಕುಡಿದು ಹೊರಟುಬಿಡುತ್ತಿದ್ದೆವು. ಆದರೆ ನಮ್ಮ ಉಸಿರಾಟದ ಕಾಯಿಲೆಗಳು ಚಿಂಪಾಂಜಿಗಳಿಗೂ ಅಂಟುತ್ತವೆ, ಮತ್ತು ನಮಗೆ ನೆಗಡಿಯಾಗಿ ಹೋಗುವುದು ಅವುಗಳಿಗೆ ನ್ಯುಮೋನಿಯಾ ಆಗಬಲ್ಲದು. 2006ರಲ್ಲಿ ಇದೇ ಮಹಾಲೆಯ ಗುಂಪಿನಲ್ಲಿ ಫ್ಲೂ ಮಾದರಿಯ ಕಾಯಿಲೆ ಹರಡಿ ಹಲವು ಚಿಂಪಾಂಜಿಗಳು ಸತ್ತವು. ಕಾಯಿಲೆಯವರು ಕಾಡಿಗೆ ಹೋಗಕೂಡದೆಂಬ ನಿಯಮ ಹೇಗೂ ಇತ್ತು. ಯಾರೂ ಹೇಳುವ ಮೊದಲೇ ಅವಳು ತಾನು ಬರುವುದಿಲ್ಲವೆಂದು ಮಾರ್ಗದರ್ಶಿಗೆ ತಿಳಿಸಿದಳು. ಅವಳ ಜೊತೆಯಲ್ಲೇ ಪ್ರಯಾಣ ಮಾಡಿದ್ದ ನನಗೂ ಸೋಂಕು ತಗುಲಿರಬಹುದೆಂದು, ನಾನು ಬೇರೆ ಕೋಣೆಗೆ ಸಾಮಾನು ಸಾಗಿಸಿ, ಮೊದಲ ದಿನ ದಂಡೆಯಲ್ಲೇ ಉಳಿದೆ. ನಾಲ್ಕು ದಿನಗಳ ಕಾಲಾವಕಾಶ ಇಟ್ಟುಕೊಂಡಿದ್ದರಿಂದಲೇ ಈ ನಿರ್ಧಾರ ಸಾಧ್ಯವಾಯಿತು. ಒಂದೇ ದಿನಕ್ಕೆಂದು ಇಷ್ಟು ಖರ್ಚು ಮಾಡಿ ಬಂದವರಿಗೆ ಕೆಮ್ಮನ್ನು ಮುಚ್ಚಿಡುವ ಆಸೆ ಹುಟ್ಟುತ್ತದೆ. ಹಾಗಾಗಿ ದಿನಗಳನ್ನು ಧಾರಾಳವಾಗಿ ಇಟ್ಟುಕೊಳ್ಳಿ ಎಂಬುದು ನನ್ನ ಒತ್ತಾಯದ ಮಾತು.

ಎರಡನೆಯ ದಿನ ನನಗೆ ಯಾವ ಲಕ್ಷಣವೂ ಕಾಣಲಿಲ್ಲ. ಬೆಳಕು ಹರಿಯುವ ಮೊದಲೇ ಹೆಜ್ಜೆ ಅರಸುವವರು ಕಾಡಿಗೆ ಹೋಗಿ, ಹಿಂದಿನ ಸಂಜೆ ಗುಂಪು ಗೂಡು ಕಟ್ಟಿಕೊಂಡ ಜಾಗದಿಂದ ಹುಡುಕುತ್ತ, ರೇಡಿಯೋದಲ್ಲಿ ಮಾರ್ಗದರ್ಶಿಗೆ ಸುದ್ದಿ ಕಳುಹಿಸುತ್ತಾರೆ. ಚಿಂಪಾಂಜಿಗಳು ಪ್ರತಿ ರಾತ್ರಿಗೂ ಮರದ ಮೇಲೆ ಕೊಂಬೆಗಳನ್ನು ಬಾಗಿಸಿ ಹೊಸ ಗೂಡು ಮಾಡಿಕೊಳ್ಳುತ್ತವೆ. ಅಂದು ನಾವು ಏರಿ ಇಳಿದು ಐದು ತಾಸು ನಡೆದರೂ ಸಿಕ್ಕಿದ್ದು ಖಾಲಿ ಗೂಡುಗಳು, ತಿಂದು ಉಗುಳಿದ ಹಣ್ಣಿನ ಸಿಪ್ಪೆ ಮತ್ತು ದೂರದ ಕೂಗು. ಸೊಕ್ವೆ (ಸ್ವಾಹಿಲಿಯಲ್ಲಿ ಚಿಂಪಾಂಜಿಗೆ ಇದೇ ಹೆಸರು) ಕಣಿವೆ ದಾಟಿಹೋಗಿದೆ ಎಂದು ಮಾರ್ಗದರ್ಶಿ ನಿರುದ್ವೇಗದಿಂದ ಹೇಳಿದರು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳದೆ ಸಿಯಾಫು ಇರುವೆಗಳ ಸಾಲನ್ನು ತುಳಿದದ್ದು ಅಂದಿನ ತಪ್ಪು. ಅದರ ಕಡಿತಕ್ಕೆ ನಮ್ಮ ಚಗಳಿ ಏನೇನೂ ಅಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ರೇಡಿಯೋ ಮಾತನಾಡಿತು. ನಾವು ನಾಲ್ವರು ಪ್ರವಾಸಿಗಳಿದ್ದೆವು. ಒಂದು ತಂಡದಲ್ಲಿ ಆರಕ್ಕಿಂತ ಹೆಚ್ಚು ಜನರನ್ನು ಬಿಡುವುದಿಲ್ಲ. ತಿಂಡಿ, ಊರುಗೋಲುಗಳನ್ನು ಹಿಂದೆಯೇ ಬಿಟ್ಟು, ಎಲ್ಲರೂ ಮುಖಗವಸು ಕಟ್ಟಿಕೊಂಡೆವು. ಬೆವರಿಗೆ ಗವಸು ಒದ್ದೆಯಾಗುತ್ತದೆ, ಎರಡು ಮೂರು ಹೆಚ್ಚಿಗೆ ಇಟ್ಟುಕೊಂಡಿರಬೇಕು. ಕನಿಷ್ಠ ಹತ್ತು ಮೀಟರ್ ಅಂತರ, ಒಂದು ತಾಸಿನ ಮಿತಿ. ಕ್ಯಾಮೆರಾದ ಫ್ಲ್ಯಾಶ್ ಬೆಳಗಿಸುವಂತಿಲ್ಲ.

ಮೊದಲು ಕೇಳಿದ್ದು ಶಬ್ದ. ಏದುಸಿರಿನಂತೆ ಮೆಲ್ಲಗೆ ಆರಂಭವಾಗಿ, ಒಂದೊಂದೇ ಮೆಟ್ಟಿಲು ಏರಿ, ಕೊನೆಗೆ ಕಣಿವೆಯೇ ಕಿರುಚಿದಂತಾಗುವ ಕೂಗು. ಅದರ ತುದಿಯಲ್ಲಿ ಗಂಡೊಂದು ಮರದ ಹಲಗೆಬೇರಿಗೆ ಕೈಕಾಲುಗಳಿಂದ ಬಡಿದ ಡೋಲಿನ ಸದ್ದು. ಮರುಗಳಿಗೆಯಲ್ಲಿ ಅದೇ ಗಂಡು ಬೆರಳ ಗೆಣ್ಣುಗಳನ್ನು ಊರುತ್ತ ದಾರಿಯಲ್ಲೇ ನಡೆದು ಬಂತು. ಅಂತರವನ್ನು ಕಾಯಬೇಕಾದವರು ನಾವು, ಅದಕ್ಕೆ ಆ ನಿಯಮವಿಲ್ಲ. ಎಲ್ಲರೂ ಹಿಂದೆ ಸರಿದು ಪೊದೆಯೊಳಗೆ ಕುಳಿತೆವು. ಅದು ನಮ್ಮ ಕಡೆ ತಿರುಗಿ ಸಹ ನೋಡದೆ ಮುಂದೆ ಹೋಯಿತು.

ಬಳಿಕ ಕಂಡದ್ದನ್ನು ನಾನು ಬಹುಕಾಲ ಮರೆಯಲಾರೆ. ಬಿದ್ದ ಮರದ ಬಳಿ ಎರಡು ಚಿಂಪಾಂಜಿಗಳು ಎದುರುಬದುರಾಗಿ ಕುಳಿತು, ತಲೆಯ ಮೇಲೆ ಒಂದೊಂದು ಕೈಯೆತ್ತಿ ಪರಸ್ಪರ ಹಿಡಿದುಕೊಂಡು, ಉಳಿದ ಕೈಯಿಂದ ಒಂದರ ಕಂಕುಳ ಕೂದಲನ್ನು ಇನ್ನೊಂದು ಹೆಕ್ಕಿ ಶುಚಿಮಾಡತೊಡಗಿದವು. ಮಕ್ಕಳು ಕೈಯೆತ್ತಿ ಕಮಾನು ಕಟ್ಟಿ ಆಡುವ ಆಟದ ಭಂಗಿಯೇ ಅದು. ಈ ಕೈಹಿಡಿದ ಶುಶ್ರೂಷೆಯನ್ನು ವಿಜ್ಞಾನಿಗಳು ಮೊದಲ ಬಾರಿಗೆ ವಿವರವಾಗಿ ದಾಖಲಿಸಿದ್ದು ಮಹಾಲೆಯಿಂದಲೇ, 1978ರಲ್ಲಿ; ಅದೇ ಸರೋವರದ ದಂಡೆಯ ಗೊಂಬೆಯ ಚಿಂಪಾಂಜಿಗಳಲ್ಲಿ ಈ ರೂಢಿ ಕಂಡಿರಲಿಲ್ಲ. ಒಂದೇ ಜಾತಿಯ ಪ್ರಾಣಿಗಳಲ್ಲೂ ಹೀಗೆ ಊರಿಗೊಂದು ಆಚಾರ. ಗೊಂಬೆಯವು ಹುತ್ತದೊಳಗೆ ಕಡ್ಡಿ ತೂರಿಸಿ ಗೆದ್ದಲು ತಿಂದರೆ, ಇಲ್ಲಿನವು ಮರದ ಪೊಟರೆಗೆ ಕಡ್ಡಿ ಹಾಕಿ ಇರುವೆ ಹಿಡಿಯುತ್ತವೆ. ಗೊಂಬೆಯವು ಎಣ್ಣೆತಾಳೆಯ ಹಣ್ಣನ್ನು ಇಷ್ಟಪಟ್ಟು ತಿನ್ನುತ್ತವೆ. ಇಲ್ಲಿನವು ಆ ಮರ ಎದುರಿಗಿದ್ದರೂ ಮುಟ್ಟುವುದಿಲ್ಲ.

ಆ ತಾಳೆಮರಗಳು ಅಲ್ಲಿ ಹಿಂದೆ ಸ್ಥಳೀಯರಾದ ತೊಂಗ್ವೆ ಜನರ ಹಳ್ಳಿಗಳಿದ್ದುದರ ಗುರುತು. ಊರುಗಳು ಹೋದರೂ ಅವರು ನೆಟ್ಟ ಮಾವು, ಪೇರಲ, ನಿಂಬೆ ಉಳಿದುಕೊಂಡವು, ಮತ್ತು ಚಿಂಪಾಂಜಿಗಳು ಕಾಲಕ್ರಮದಲ್ಲಿ ಅವುಗಳ ಹಣ್ಣನ್ನು ತಿನ್ನಲು ಕಲಿತವು. ಕ್ಯೋಟೋ ವಿಶ್ವವಿದ್ಯಾಲಯದ ತೊಶಿಸಾದಾ ನಿಶಿದಾ 1965ರಲ್ಲಿ ಇಲ್ಲಿ ಅಧ್ಯಯನ ಆರಂಭಿಸಿದಾಗ ಅವರಿಗೆ ಕಾಡು ತೋರಿಸಿದವರು ತೊಂಗ್ವೆಗಳೇ. ಆಗ ಕಬ್ಬನ್ನು ಇಟ್ಟು ಚಿಂಪಾಂಜಿಗಳನ್ನು ಮನುಷ್ಯರಿಗೆ ಒಗ್ಗಿಸಲಾಯಿತು. ಆ ಪದ್ಧತಿ ಈಗಿಲ್ಲ. ನಾವು ನೋಡಿದ, ಸಂಶೋಧಕರು ‘ಎಂ’ ಎಂದು ಕರೆಯುವ ಗುಂಪು ಅಂದಿನಿಂದ ತಲೆಮಾರುಗಳ ಕಾಲ ಮನುಷ್ಯರ ಕಣ್ಣೆದುರು ಬಾಳಿದ ಗುಂಪು. ತೊಂಗ್ವೆ ಜನರ ಪಾಲಿನ ಬಗ್ಗೆ ಪ್ರವಾಸಿಗಳಿಗೆ ಹೇಳುವುದು ಕಡಿಮೆಯಾಗಿದೆ, ಹೆಚ್ಚು ಹೇಳಬೇಕು. 1987ರಲ್ಲಿ ಚೌಸಿಕು ಎಂಬ ಅಸ್ವಸ್ಥ ಹೆಣ್ಣು ಚಿಂಪಾಂಜಿ ನಮ್ಮ ಕಾಡುಜೀರಿಗೆಯ ಬಳಗದ ಒಂದು ಕಹಿ ಗಿಡದ ತಿರುಳನ್ನು ಅಗಿದು ರಸ ಹೀರಿದ್ದನ್ನು ಸಂಶೋಧಕ ಮೈಕೆಲ್ ಹಫ್‌ಮನ್ ಕಂಡರು. ಅದು ಹೊಟ್ಟೆಬೇನೆಗೆ ತಮ್ಮವರು ಕೊಡುವ ಮದ್ದು ಎಂದು ಅವರಿಗೆ ತಿಳಿಸಿದ್ದು ಜೊತೆಯಲ್ಲಿದ್ದ ತೊಂಗ್ವೆ ಹಿರಿಯ ಮೊಹಮದಿ ಸೈಫು ಕಲುಂಡೆ. ಮಾರನೆಯ ದಿನ ಚೌಸಿಕು ಚೇತರಿಸಿಕೊಂಡಿತ್ತು. ಹಿಂತಿರುಗುವ ದಾರಿಯಲ್ಲಿ ಮಾರ್ಗದರ್ಶಿ ಆ ಗಿಡವನ್ನು ತೋರಿಸಿದರು. ಎಲೆಯ ಚೂರನ್ನು ನಾಲಿಗೆಗೆ ತಾಗಿಸಿದಾಗ ಕಹಿ ಸಂಜೆಯವರೆಗೂ ಹೋಗಲಿಲ್ಲ.

ನಾಲ್ಕನೆಯ ದಿನ ಹತ್ತು ನಿಮಿಷಗಳ ನೋಟವಷ್ಟೇ ದೊರೆಯಿತು, ಅದೂ ಎತ್ತರದ ಅತ್ತಿಮರದ ಎಲೆಗಳ ನಡುವೆ. ನನ್ನ ಪತ್ನಿಯ ಕೆಮ್ಮು ಆಗಲೂ ನಿಂತಿರಲಿಲ್ಲವಾದ್ದರಿಂದ ಅವಳು ಅಂದೂ ಬರಲಿಲ್ಲ.

ಮರಳುವ ದೋಣಿಯಲ್ಲಿ ಅವಳು ತನ್ನ ಪುಟ್ಟ ಪುಸ್ತಕ ತೆರೆದಳು. ದಂಡೆಯಲ್ಲಿ ಕುಳಿತಿದ್ದ ಆ ದಿನಗಳಲ್ಲಿ ಕಾಡಿನಿಂದ ಕೇಳಿದ ಪ್ರತಿಯೊಂದು ಕೂಗನ್ನೂ, ದಿಕ್ಕು ಮತ್ತು ಸಮಯದ ಸಮೇತ, ಬರೆದಿಟ್ಟುಕೊಂಡಿದ್ದಳು. ಮೂರನೆಯ ದಿನದ ಪುಟದಲ್ಲಿ ಹೀಗಿತ್ತು: ‘10.40, ದಕ್ಷಿಣದ ಕಣಿವೆ, ದೊಡ್ಡ ಕೂಗು, ಆಮೇಲೆ ಡೋಲು ಬಡಿದ ಹಾಗೆ ಮೂರು ಪೆಟ್ಟು.’ ನಾನು ಕ್ಯಾಮೆರಾ ತೆಗೆದು, ದಾರಿಯಲ್ಲಿ ನಡೆದು ಬಂದ ಆ ಗಂಡಿನ ಮೊದಲ ಚಿತ್ರದ ಸಮಯ ನೋಡಿದೆ. 10.41 ಎಂದಿತ್ತು. ಕಿಗೋಮಾ ತಲುಪುವವರೆಗೂ ನಾವು ಅವಳ ಪುಸ್ತಕವನ್ನೂ ನನ್ನ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವ ಕೂಗಿನ ವೇಳೆಗೆ ನಾನು ಎಲ್ಲಿದ್ದೆ ಎಂದು ಒಂದೊಂದಾಗಿ ಹೊಂದಿಸುತ್ತ ಕುಳಿತೆವು.