ಪ್ಲಗ್ ಒಣಗಿತ್ತು, ಟ್ಯಾಂಕ್ ತುಂಬಿತ್ತು

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಅರೇಬಿಕಾ ಕೊಯ್ಲು ಶುರುವಾದ ಮೇಲೆ ಬೆಳಗಿನ ಮೊದಲ ಕೆಲಸವೇ ಕಣದ ಮೇಲೆ ಉದುರಿದ ಸಿಲ್ವರ್ ಓಕ್ ಎಲೆ ತೆಗೆಯುವುದು. ಇಬ್ಬನಿಗೆ ನೆಂದ ಎಲೆ ಸಿಮೆಂಟಿಗೆ ಅಂಟಿಕೊಂಡಿರುತ್ತೆ, ಪೊರಕೆಗೆ ಬಗ್ಗೋದಿಲ್ಲ. ಅದಕ್ಕೇ ಗಾಳಿ ಊದಿ ಎಲೆ ಹಾರಿಸುವ ಪೆಟ್ರೋಲ್ ಬ್ಲೋವರ್ ಇಟ್ಟುಕೊಂಡಿದ್ದೇನೆ. ಹೋದ ಕೊಯ್ಲಿನಲ್ಲಿ, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದ ಕಾಫಿ ಬೀಜ) ಒಣಗಲು ಹರಡಬೇಕಾದ ದಿನವೇ ಅದು ಸ್ಟಾರ್ಟ್ ಆಗಲಿಲ್ಲ. ಹಗ್ಗ ಎಳೆದೂ ಎಳೆದೂ ಭುಜ ನೋವು ಬಂತು.

ಅದರ ಹಿಂದಿನ ವರ್ಷವೂ ಹೀಗೇ ಆಗಿತ್ತು. ಆಗ ಪೇಟೆಯ ಒಬ್ಬ ಮೆಕ್ಯಾನಿಕ್ ನೋಡಿದ ಕೂಡಲೇ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಹೋಗಿದೆ ಅಂತ ಹೊಸದು ಹಾಕಿಕೊಟ್ಟರು. ಹದಿನೈದು ದಿನಕ್ಕೆ ಮಿಷನ್ ಮತ್ತೆ ಮುಷ್ಕರ ಹೂಡಿತು. ಈ ಸಲ ನಾನೇ ಬಿಚ್ಚಿದೆ, ಟ್ಯಾಂಕಿನಿಂದ ಕಿಡಿ ಹಾರಿಸುವ ಪ್ಲಗ್‌ವರೆಗೆ ಪೆಟ್ರೋಲ್ ಹೋಗುವ ದಾರಿಯಲ್ಲೇ ಒಂದೊಂದಾಗಿ ನೋಡುತ್ತಾ ಹೋದೆ.

ಮೊದಲು ಪ್ಲಗ್. ಏಳೆಂಟು ಸಲ ಹಗ್ಗ ಎಳೆದು ಪ್ಲಗ್ ಬಿಚ್ಚಿದರೆ ಅದರ ತುದಿ ಎಲ್ಲ ಹೇಳುತ್ತೆ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ತೊಂದರೆ ಕಿಡಿಯದ್ದೋ ಚೋಕ್ ಹೆಚ್ಚಾಗಿದ್ದೋ ಇರಬೇಕು. ನನ್ನದು ಒಣಗಿತ್ತು. ಪ್ಲಗ್ ತೂತಿಗೆ ಅರ್ಧ ಚಮಚ ಹೊಸ ಮಿಕ್ಸ್ (ಆಯಿಲ್ ಕಲಸಿದ ಪೆಟ್ರೋಲ್) ಬಿಟ್ಟು, ಪ್ಲಗ್ ತಿರುಗಿಸಿ ಹಗ್ಗ ಎಳೆದೆ. ಎರಡು ಸೆಕೆಂಡ್ ಗುರ್ ಅಂದು ನಿಂತಿತು. ಅಲ್ಲಿಗೆ ಕಿಡಿ ಸರಿ ಇದೆ, ಕಂಪ್ರೆಷನ್ ಇದೆ, ಪೆಟ್ರೋಲ್ ಮಾತ್ರ ತಲುಪುತ್ತಿಲ್ಲ ಅಂತ ಗೊತ್ತಾಯಿತು.

ಟ್ಯಾಂಕಿನಲ್ಲಿದ್ದದ್ದನ್ನು ಗಾಜಿನ ಬಾಟಲಿಗೆ ಸುರಿದು ಜಗಲಿಯ ಮೇಲಿಟ್ಟೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದರೆ ಎರಡು ಪದರ. ಮೇಲೆ ಆಯಿಲ್‌ನ ನೀಲಿ ಬಣ್ಣದ ಪೆಟ್ರೋಲ್, ತಳದಲ್ಲಿ ಒಂದು ಬೆರಳು ದಪ್ಪಕ್ಕೆ ಬಣ್ಣವಿಲ್ಲದ ನೀರಿನಂಥದ್ದು. ಮೇ ತಿಂಗಳಲ್ಲಿ ಕಲಸಿದ ಮಿಕ್ಸ್ ಅದು. ಕ್ಯಾನಿನ ಮುಚ್ಚಳದ ವಾಷರ್ ಸವೆದಿತ್ತು, ಮಳೆಗಾಲ ಪೂರ್ತಿ ಶೆಡ್ಡಿನ ಸೋರುವ ಹೆಂಚಿನ ಕೆಳಗೇ ಇತ್ತು. ಈಗ ಬಂಕಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್‌ವರೆಗೂ ಎಥೆನಾಲ್ ಇರುತ್ತೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ, ನೀರು ಮಿತಿ ಮೀರಿದರೆ ಅದರ ಜೊತೆಗೇ ತಳಕ್ಕೆ ಇಳಿಯುತ್ತೆ. ನನಗೆ ಭಯ ಆದದ್ದು ಇಲ್ಲೇ. ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಸಿಗುವುದು ಪೆಟ್ರೋಲ್ ಮೂಲಕ ಮಾತ್ರ. ಆ ಆಯಿಲ್ ಮೇಲಿನ ಪದರದಲ್ಲೇ ಉಳಿದುಬಿಡುತ್ತೆ, ಪೆಟ್ರೋಲ್ ಎಳೆದುಕೊಳ್ಳುವ ಫಿಲ್ಟರ್ ಇರುವುದು ಟ್ಯಾಂಕಿನ ತಳದಲ್ಲಿ. ಅಕಸ್ಮಾತ್ ಸ್ಟಾರ್ಟ್ ಆಗಿದ್ದರೂ ಪಿಸ್ಟನ್ ಒಣ ಓಡಿ ಹಿಡಿದುಕೊಳ್ಳುತ್ತಿತ್ತು.

ಟ್ಯಾಂಕ್ ತೊಳೆದು ಹೊಸ ಮಿಕ್ಸ್ ಹಾಕಿದೆ. ನನ್ನ ಮಿಷನ್ನಿಗೆ 1:50, ಅಂದರೆ ಲೀಟರಿಗೆ 20 ಮಿ.ಲೀ. ಆಯಿಲ್. ಕೆಲವಕ್ಕೆ 1:25 ಬೇಕು, ಪುಸ್ತಕ ನೋಡಿಯೇ ಹಾಕಬೇಕು. ಆದರೂ ಸ್ಟಾರ್ಟ್ ಆಗಲಿಲ್ಲ. ಬಗ್ಗಿಸಿದ ತಂತಿಯಲ್ಲಿ ಫಿಲ್ಟರ್ ಹೊರಗೆಳೆದೆ. ಹೊಸದಾಗಿದ್ದಾಗ ಬೆಳ್ಳಗಿದ್ದದ್ದು ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಅಂಟುತ್ತಿತ್ತು. ಬದಲಾಯಿಸಿದೆ. ಎರಡನೇ ಎಳೆತಕ್ಕೇ ಸ್ಟಾರ್ಟ್ ಆಯಿತು.

ಆದರೆ ಪೂರ್ತಿ ರೇಸ್ ಕೊಟ್ಟರೆ ಉಸಿರುಕಟ್ಟಿದ ಹಾಗೆ ಆಗಿ ಆಫ್ ಆಗುತ್ತಿತ್ತು. ಟ್ಯಾಂಕಿನ ಮುಚ್ಚಳ ಸಡಿಲಿಸಿ ಓಡಿಸಿದೆ. ಹಾಗೆ ಮಾಡಿದಾಗ ಸರಿಯಾದರೆ ಗಾಳಿ ಬರುವ ತೂತು ಕಟ್ಟಿದೆ ಅಂತ ಅರ್ಥ. ನನ್ನದರಲ್ಲಿ ಏನೂ ಬದಲಾಗಲಿಲ್ಲ. ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಎಳೆಯಲು ಒತ್ತುವ ಪ್ರೈಮರ್ ಗುಂಡಿಯನ್ನು ಎಷ್ಟು ಒತ್ತಿದರೂ ಒಳಗಿನ ಗಾಳಿಗುಳ್ಳೆ ಹೋಗುತ್ತಿರಲಿಲ್ಲ. ಪೆಟ್ರೋಲ್ ಜೊತೆ ಎಲ್ಲಿಂದಲೋ ಗಾಳಿ ಸೇರುತ್ತಿದೆ. ಪೈಪನ್ನು ಬೆರಳಲ್ಲಿ ಬಗ್ಗಿಸುತ್ತಾ ಬಂದೆ. ಟ್ಯಾಂಕಿನೊಳಗೆ ಇಳಿಯುವ ರಬ್ಬರ್ ಹತ್ತಿರ ಕೂದಲೆಳೆಯಷ್ಟು ಬಿರುಕು. ನೆಟ್ಟಗಿದ್ದಾಗ ಕಾಣುವುದೇ ಇಲ್ಲ, ಬಗ್ಗಿಸಿದರೆ ಬಾಯಿ ಬಿಡುತ್ತೆ. ಅದೇ ಅಳತೆಯ, ಪೆಟ್ರೋಲ್ ತಡೆಯುವ ಪೈಪ್ ಪೇಟೆಯಿಂದ ತಂದು ಹಾಕಿದೆ. ಹಿಂದಿನ ವರ್ಷವೂ ಇದೇ ಪೈಪ್ ಕಾರಣ ಇರಬೇಕು ಅಂತ ನನಗನಿಸುತ್ತೆ, ಯಾಕೆಂದರೆ ಕಾರ್ಬೊರೇಟರ್ ಬದಲಾಯಿಸಿದಾಗ ಪೈಪ್ ಹಳೆಯದೇ ಉಳಿದಿತ್ತು.

ಈ ಸಲ ಕಾರ್ಬೊರೇಟರ್ ಮುಟ್ಟಲೇ ಇಲ್ಲ. ಹುಲ್ಲು ಕತ್ತರಿಸುವ ಮಿಷನ್ನಿನದ್ದನ್ನು ಒಮ್ಮೆ ಬಿಚ್ಚಿದ್ದೆ. ಅದರೊಳಗಿನ ಡಯಾಫ್ರಾಮ್ ಅನ್ನುವ ತೆಳು ಪೊರೆ ಒಣಗಿ ಹಪ್ಪಳದಂತಾಗಿತ್ತು. ಮೆತ್ತಗಿರಬೇಕಾದ ಅದು ಮಿಡಿಯದಿದ್ದರೆ ಪೆಟ್ರೋಲ್ ಒಳಗೆ ಬರೋದಿಲ್ಲ. ಬಿಚ್ಚಲೇಬೇಕಾದರೆ ಬಿಳಿ ಬಟ್ಟೆ ಹಾಸಿಕೊಳ್ಳಿ, ಒಂದೊಂದು ಪದರ ತೆಗೆದಾಗಲೂ ಮೊಬೈಲಿನಲ್ಲಿ ಫೋಟೋ ಹಿಡಿಯಿರಿ. ಗ್ಯಾಸ್ಕೆಟ್ ಮತ್ತು ಡಯಾಫ್ರಾಮ್ ಹಿಂದುಮುಂದಾದರೆ ಮಿಷನ್ ಓಡೋದಿಲ್ಲ. ಸಣ್ಣ ತೂತಿಗೆ ತಂತಿ ತೂರಿಸಬೇಡಿ. ಈ ಕೆಲಸವೆಲ್ಲ ಇಂಜಿನ್ ತಣ್ಣಗಾದ ಮೇಲೆ, ಬಚ್ಚಲೊಲೆಯಿಂದ ದೂರ, ಬಯಲಲ್ಲೇ ಮಾಡಬೇಕು.

ಈಗ ಒಮ್ಮೆಗೆ ಒಂದು ಲೀಟರ್ ಮಾತ್ರ ಕಲಸುತ್ತೇನೆ, ಕ್ಯಾನಿನ ಮೇಲೆ ತಾರೀಖು ಬರೆದಿಡುತ್ತೇನೆ, ತಿಂಗಳು ದಾಟಿದ್ದನ್ನು ಬ್ಲೋವರಿಗೆ ಹಾಕೋದಿಲ್ಲ. ಮಳೆ ಹಿಡಿಯುವ ಮೊದಲು ಟ್ಯಾಂಕ್ ಬಸಿದು, ತಾನಾಗಿ ಆಫ್ ಆಗುವವರೆಗೆ ಓಡಿಸಿ, ಅಟ್ಟದ ಮೇಲೆ ಇಡುತ್ತೇನೆ. ಅವತ್ತು ಪೈಪ್ ಹಾಕಿ ಮುಗಿಸುವಷ್ಟರಲ್ಲಿ ಹನ್ನೊಂದೂವರೆ ಆಗಿತ್ತು. ಎಲೆ ಅಷ್ಟರೊಳಗೆ ಬಿಸಿಲಿಗೆ ಒಣಗಿತ್ತು, ಒಂದೇ ಸುತ್ತಿಗೆ ಕಣ ಚೊಕ್ಕಟವಾಯಿತು, ಊಟಕ್ಕೆ ಮೊದಲು ಪಾರ್ಚ್‌ಮೆಂಟ್ ಹರಡಿದೆವು.