ವಿಕಿಪೀಡಿಯದಲ್ಲಿ ನನ್ನ ವಿದ್ಯಾರ್ಥಿಗಳು ಯಾರಾಗಿ ಬರೆದರು

ರಾಮನಗರದ ಕಡೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಕೆಲವು ವರ್ಷಗಳಿಂದ ವಿದ್ಯಾರ್ಥಿಗಳನ್ನು ಕನ್ನಡ ವಿಕಿಪೀಡಿಯದಲ್ಲಿ ಬರೆಯಲು ಕೂರಿಸುತ್ತಿದ್ದೇನೆ. ಖಾತೆ ತೆರೆಯುವುದು, ಕನ್ನಡದಲ್ಲಿ ಟೈಪ್ ಮಾಡುವುದು, ಕೊಂಡಿ ಹಾಕುವುದು, ಇವೆಲ್ಲ ಬೇಗ ಬರುತ್ತವೆ. ತಡವಾಗುವುದು ಬೇರೆ ಕಡೆ. ‘ಇಲ್ಲಿ ನಾನು ಯಾರು?’ ಅನ್ನೋದು ಮನಸ್ಸಿನಲ್ಲಿ ಇತ್ಯರ್ಥ ಆಗುವ ತನಕ ಮಕ್ಕಳು ತೆರೆದ ಪುಟವನ್ನು ಸುಮ್ನೆ ನೋಡುತ್ತಾ ಕೂರುತ್ತಾರೆ.

ಕಾರಣ ಸ್ಪಷ್ಟ. ಕ್ಲಾಸಿನಲ್ಲಿ ಯಾರು ಬುದ್ಧಿವಂತರು, ಯಾರು ಹಿಂದಿನ ಬೆಂಚು ಅನ್ನೋದು ಮೊದಲೇ ನಿಗದಿಯಾಗಿರುತ್ತದೆ. ಇಂಗ್ಲಿಷ್ ಮೀಡಿಯಂನಿಂದ ಬಂದವರು, ಮನೆಯಲ್ಲಿ ಲ್ಯಾಪ್‌ಟಾಪ್ ಇರುವವರು ಆನ್‌ಲೈನಿಗೂ ಅದೇ ಜಾಗವನ್ನು ಹೊತ್ತುಕೊಂಡು ಬರುತ್ತಾರೆ. ಉಳಿದವರು ಅಲ್ಲೂ ಹಿಂದೆಯೇ ಕೂರುತ್ತಾರೆ. ಜೊತೆಗೆ ವಿಕಿಯ ಹಳಬರು ಇವರೆಲ್ಲರನ್ನೂ ‘ಅಸೈನ್‌ಮೆಂಟ್ ಮಕ್ಕಳು’ ಅಂತ ಒಂದೇ ಗುಂಪಿಗೆ ಸೇರಿಸಿಬಿಡುವುದುಂಟು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಗೂಗಲ್ ತನ್ನ ಅನುವಾದದ ಸಾಧನದಿಂದ ಮಾಡಿಸಿದ ಲೇಖನಗಳು ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳ ವಿಕಿಗೆ ಬಂದು ಬಿದ್ದವು. ಅಂಥದ್ದರ ತಪ್ಪುಗಳನ್ನು ತಿದ್ದುವ ಕೆಲಸ ಸಂಬಳವಿಲ್ಲದೆ ದುಡಿಯುವವರ ತಲೆಗೇ ಬರುತ್ತದೆ. ಹೊಸಬರ ಗುಂಪು ಕಂಡರೆ ಅವರು ಹುಷಾರಾಗುವುದು ಸಹಜ, ಅಲ್ವಾ?

ಹಾಗಾಗಿ ನಾನು ಲೇಖನದಿಂದ ಶುರು ಮಾಡುವುದಿಲ್ಲ, ಬರೆಯುವವರು ತಮ್ಮ ಪರಿಚಯ ಹೇಳಿಕೊಳ್ಳುವ ಸದಸ್ಯ ಪುಟದಿಂದ ಶುರು ಮಾಡುತ್ತೇನೆ. ಬಳಕೆದಾರ ಹೆಸರಿನಲ್ಲಿ ರಿಜಿಸ್ಟರ್ ನಂಬರ್ ಬೇಡ. ನಿಜ ಹೆಸರೂ ಕಡ್ಡಾಯವಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಫೋಟೊ, ಊರು, ಫೋನ್ ನಂಬರ್ ಯಾವುದನ್ನೂ ಹಾಕಬೇಡಿ, ಇಷ್ಟವಾದ ಒಂದು ಹೆಸರು ಇಟ್ಟುಕೊಳ್ಳಿ ಅಂತ. ತರಗತಿಯಲ್ಲಿ ಬಾಯಿ ಬಿಡದ ಕೆಲವರು ಆ ಹೆಸರಿನ ಆಸರೆಯಲ್ಲಿ ಚರ್ಚೆಪುಟದಲ್ಲಿ, ಅಂದರೆ ಲೇಖನದ ಬಗ್ಗೆ ಸಂಪಾದಕರು ಮಾತಾಡಿಕೊಳ್ಳುವ ಪುಟದಲ್ಲಿ, ಧೈರ್ಯವಾಗಿ ಮಾತಾಡಿದ್ದನ್ನು ನಾನು ನೋಡಿದ್ದೇನೆ. ಪುಟದಲ್ಲಿ ‘ನಾನು ಬಿ.ಎ. ಎರಡನೇ ವರ್ಷ’ ಅಂತ ಬರೆಯುವ ಬದಲು ತಮಗೆ ಚೆನ್ನಾಗಿ ಗೊತ್ತಿರುವ ಎರಡು ವಿಷಯ ಬರೆಯಲು ಹೇಳುತ್ತೇನೆ. ಮೊದಲು ಎಲ್ಲರೂ ‘ನಂಗೇನೂ ಗೊತ್ತಿಲ್ಲ ಮೇಡಂ’ ಅನ್ನುತ್ತಾರೆ. ಅಲ್ಲಿ ನಾನು ಬಿಡುವುದಿಲ್ಲ.

ಒಬ್ಬ ಹುಡುಗಿಯ ವಿಷಯ ಹೇಳಬೇಕು. ಮನೆಯಲ್ಲಿ ರೇಷ್ಮೆ ಬೆಳೆ. ಅವಳೂ ‘ಏನೂ ಗೊತ್ತಿಲ್ಲ’ ಅಂದವಳೇ. ಅವಳ ಸಹಪಾಠಿ ಒಬ್ಬ, ತರಗತಿಗೇ ಮೊದಲಿಗ, ಇಂಗ್ಲಿಷಿನಿಂದ ತಂದು ರೇಷ್ಮೆ ಸಾಕಣೆಯ ಬಗ್ಗೆ ಬರೆದು ನೋಡಲು ಇರುವ ಪ್ರಯೋಗಪುಟದಲ್ಲಿ ಕರಡು ಬರೆದಿದ್ದ. ಇಷ್ಟು ದಿನ ಆದಮೇಲೆ ಹುಳುವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು ಅಂತ ಅದರಲ್ಲಿತ್ತು. ಅದನ್ನು ಓದಿ ಅವಳು ಮೆಲ್ಲಗೆ ನನ್ನ ಹತ್ತಿರ ಬಂದಳು. “ಮೇಡಂ, ನಮ್ಮನೇಲಿ ದಿನ ಎಣಿಸಿ ಬಿಡಲ್ಲ. ಹುಳು ಹಣ್ಣಾಗಿದೆಯಾ ಅಂತ ನೋಡ್ತಾರೆ.”

ಹಣ್ಣಾದ ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸುತ್ತದೆ, ಸ್ವಲ್ಪ ಕುಗ್ಗುತ್ತದೆ, ಮೈ ಪಾರದರ್ಶಕವಾಗುತ್ತದೆ, ಗೂಡು ಕಟ್ಟಲು ಜಾಗ ಹುಡುಕುತ್ತಾ ತಲೆ ಎತ್ತಿ ಆಡಿಸುತ್ತದೆ. ಚಳಿಯಿದ್ದರೆ ದಿನ ಜಾಸ್ತಿ ಹಿಡಿಯುತ್ತದೆ. ಇದನ್ನೆಲ್ಲ ಅವಳು ಒಂದೇ ಉಸಿರಿಗೆ ಹೇಳಿದಳು. “ನನಗಲ್ಲ ಕಣಮ್ಮ, ಚರ್ಚೆಪುಟದಲ್ಲಿ ಬರಿ” ಅಂದೆ.

ಬರೆದಳು. ಹಳೆಯ ಸಂಪಾದಕರೊಬ್ಬರು ‘ಉಲ್ಲೇಖ ಬೇಕು’ ಅಂದರು. “ನಮ್ಮಪ್ಪ ಹೇಳಿದ್ದು ಸಾಲದಾ?” ಅಂತ ಅವಳಿಗೆ ನೋವಾಯಿತು. ಆ ನೋವು ಸಣ್ಣದಲ್ಲ. ತಾನು ಬಲ್ಲವಳು ಅಂತ ಆಗತಾನೇ ಅನ್ನಿಸಿತ್ತು, ಅಷ್ಟರಲ್ಲಿ ಪುರಾವೆ ಕೇಳಿದರು. ಉತ್ತರವನ್ನು ಅವಳ ಪರವಾಗಿ ನಾನು ಬರೆಯಲಿಲ್ಲ. ವಿಕಿಪೀಡಿಯದಲ್ಲಿ ಯಾರ ಮಾತಾದರೂ, ಪ್ರೊಫೆಸರ್ ಮಾತಾದರೂ, ಪ್ರಕಟವಾದ ಆಧಾರ ಬೇಕು ಅಂತಷ್ಟೇ ಹೇಳಿದೆ. ಅವಳಪ್ಪನಿಗೆ ತರಬೇತಿಯಲ್ಲಿ ಕೊಟ್ಟಿದ್ದ ಕನ್ನಡದ ಕೈಪಿಡಿಯೊಂದು ಮನೆಯಲ್ಲೇ ಸಿಕ್ಕಿತು. ಪುಟಸಂಖ್ಯೆ ಸಮೇತ ಸೇರಿಸಿದಳು. ಅದೇ ಸಂಪಾದಕರು ಕೆಳಗೆ ಧನ್ಯವಾದ ಬರೆದು, ನಾಲ್ಕು ಜ್ವರಗಳ ಬಗ್ಗೆಯೂ, ಅಂದರೆ ಹುಳು ಪೊರೆ ಬಿಡುವ ಹಂತಗಳ ಬಗ್ಗೆಯೂ, ಬರೆಯಲು ಆಗುತ್ತದಾ ಅಂತ ಕೇಳಿದರು. ಆ ಪ್ರಶ್ನೆ ಬಂದಿದ್ದು ವಿದ್ಯಾರ್ಥಿನಿಗಲ್ಲ, ವಿಷಯ ಗೊತ್ತಿರುವ ಒಬ್ಬ ಸಂಪಾದಕಿಗೆ. ಉಲ್ಲೇಖ ಯಾಕೆ ಬೇಕು ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದರೂ ಅವಳು ಅಷ್ಟು ಗಟ್ಟಿಯಾಗಿ ಕಲಿಯುತ್ತಿರಲಿಲ್ಲ.

ಮೊದಲಿಗನ ಪಾಡು ಬೇರೆ. ತನ್ನ ಬರಹವನ್ನು ಬೇರೆಯವರು ತಿದ್ದುವುದು ಅವನಿಗೆ ಅವಮಾನವಾಗಿ ಕಂಡಿತು. ಅವನನ್ನು ಕೂರಿಸಿಕೊಂಡು ಒಂದು ಒಳ್ಳೆಯ ಲೇಖನದ ಇತಿಹಾಸ ತೆರೆದು ತೋರಿಸಿದೆ. ಪುಟದ ತುಂಬ ತಿದ್ದುಪಡಿಗಳು, ಅದರಲ್ಲಿ ಹಳಬರು ಹಳಬರನ್ನೇ ತಿದ್ದಿದ್ದು. ತುಂಬ ಹೊತ್ತು ನೋಡಿದ. ಆಮೇಲೆ ಅವಳ ಚರ್ಚೆಗೆ ಉತ್ತರ ಬರೆದ. ಒಳ್ಳೆಯ ಅಂಕ ಬರುವ ಮಕ್ಕಳಿಗೆ ಆನ್‌ಲೈನ್ ಸಮುದಾಯ ಹೆಚ್ಚು ಕಷ್ಟ ಅನ್ನೋದು ನನ್ನ ಅನಿಸಿಕೆ. ಅವರಿಗೆ ಕಳೆದುಕೊಳ್ಳಲು ಒಂದು ಸ್ಥಾನ ಇರುತ್ತದೆ.

ಮೊದಲ ಕೆಲಸ ಚಿಕ್ಕದಾಗಿರಲಿ, ಆದರೆ ನಿಜವಾದದ್ದಾಗಿರಲಿ. ಲೈಬೀರಿಯಾದ ದರ್ಜಿಗಳ ನಡುವೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಜೀನ್ ಲೇವ್, 1991ರಲ್ಲಿ ಎಟಿಯೆನ್ ವೆಂಗರ್ ಜೊತೆ ಇದರ ಬಗ್ಗೆ ಬರೆದರು. ಅಲ್ಲಿ ಶಿಷ್ಯರು ಗುಂಡಿ, ಅಂಚು ಹೊಲಿಗೆಯಂಥ ಕೊನೆಯ ಕೆಲಸದಿಂದ ಶುರು ಮಾಡಿ, ಬಟ್ಟೆ ಕತ್ತರಿಸುವುದನ್ನು ಕಡೆಗೆ ಕಲಿಯುತ್ತಾರೆ. ಅಂಚಿನಲ್ಲಿ ಕೂತಿದ್ದರೂ ಅವರು ಆ ಅಂಗಡಿಯವರೇ. ನನ್ನ ಮಕ್ಕಳೂ ಕಾಗುಣಿತ ತಿದ್ದುತ್ತಾರೆ, ಉಲ್ಲೇಖ ಸೇರಿಸುತ್ತಾರೆ, ತಮ್ಮೂರಿನ ಕೆರೆಯ ಫೋಟೊವನ್ನು ವಿಕಿಯ ಚಿತ್ರಭಂಡಾರವಾದ ಕಾಮನ್ಸ್‌ಗೆ ಹಾಕುತ್ತಾರೆ. ಪೂರ್ತಿ ಲೇಖನ ಆಮೇಲೆ.

ಅಂಕದ ವಿಷಯಕ್ಕೆ ನಾನು ತುಂಬ ಯೋಚಿಸುತ್ತೇನೆ. ಇಷ್ಟು ಪದ ಬರೆದರೆ ಇಷ್ಟು ಅಂಕ ಅಂದರೆ ಮಕ್ಕಳು ಮತ್ತೆ ಅಸೈನ್‌ಮೆಂಟ್ ಮಕ್ಕಳೇ ಆಗುತ್ತಾರೆ, ಕಾಪಿ-ಪೇಸ್ಟ್ ಶುರುವಾಗುತ್ತದೆ. ಹಾಗಾಗಿ ಅಂಕ ಕೊಡುವುದು ಒಂದು ಟಿಪ್ಪಣಿಗೆ. ನಿಮ್ಮ ಬರಹವನ್ನು ಯಾರು ತಿದ್ದಿದರು, ಯಾಕೆ, ನೀವು ಒಪ್ಪಿದಿರಾ, ಒಪ್ಪದಿದ್ದರೆ ಏನು ಉತ್ತರ ಕೊಟ್ಟಿರಿ? ಈ ಟಿಪ್ಪಣಿಯನ್ನು ಓದುವಾಗಲೇ ಯಾರು ಎಲ್ಲಿ ನಿಂತಿದ್ದಾರೆ ಅಂತ ನನಗೆ ಗೊತ್ತಾಗುವುದು.

ಸೆಮಿಸ್ಟರ್ ಮುಗಿದ ಮೇಲೆ ಹೆಚ್ಚಿನವರು ಬರೆಯುವುದನ್ನು ಬಿಡುತ್ತಾರೆ. ಉಳಿಯುವವರು ಕೆಲವರೇ. ಅವರನ್ನೇ ಮುಂದಿನ ಬ್ಯಾಚಿನ ಚರ್ಚೆಪುಟಗಳಿಗೆ ಕಳಿಸುತ್ತೇನೆ. ರೇಷ್ಮೆ ಮನೆಯ ಹುಡುಗಿ ಈಗ ಹೊಸಬರ ಕರಡು ಓದುತ್ತಾಳೆ. ಉಲ್ಲೇಖವಿಲ್ಲದ ಸಾಲು ಕಂಡರೆ ಮೊದಲು ‘ಇದು ನಿಮಗೆ ಹೇಗೆ ಗೊತ್ತು?’ ಅಂತ ಕೇಳುತ್ತಾಳೆ. ಅವರು ಹೇಳಿದ್ದನ್ನು ಪೂರ್ತಿ ಓದಿಕೊಂಡು, ಅದಕ್ಕೆ ಪುಸ್ತಕ ಎಲ್ಲಿ ಸಿಗಬಹುದು ಅಂತ ಜೊತೆಗೂಡಿ ಹುಡುಕುತ್ತಾಳೆ.